ಬ್ಲ್ಯಾಕೌಟ್ ಕವಿತೆಯ ಕಿಟ್: ಡಬ್ಬಿ ಬೇಡ, ಮಾರ್ಕರ್ ಸಾಕು

ಮೊದಲೇ ಹೇಳಿಬಿಡುತ್ತೇನೆ. ಬ್ಲ್ಯಾಕೌಟ್ ಕವಿತೆ ಅನ್ನೋ ಹವ್ಯಾಸಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್. ಅದರ ಹೆಸರಲ್ಲಿ ಡಬ್ಬಿಗೆ ಹಾಕಿ ಮಾರುವ ಕಿಟ್‌ಗೆ ಎರಡು, ಅದೂ ಒಳಗಿದ್ದ ಬಿಳಿ ಜೆಲ್ ಪೆನ್ನಿನ ಮುಖ ನೋಡಿ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಒಬ್ಬರನ್ನೇ ದೂರಿ ಏನೂ ಆಗಬೇಕಾಗಿಲ್ಲ, ಇಂಥ ಕಿಟ್‌ಗಳ ಒಳಗೆ ಇರುವ ಸಾಮಾನು ಹೆಚ್ಚುಕಡಿಮೆ ಒಂದೇ ಥರ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಚ್ಚಾದ ಒಂದು ಪುಟ ತೆಗೆದುಕೊಳ್ಳಬೇಕು. ಅದರಲ್ಲಿ ಬೇಕಾದ ಕೆಲವೇ ಪದ ಉಳಿಸಿಕೊಂಡು ಮಿಕ್ಕಿದ್ದಕ್ಕೆಲ್ಲ ಕಪ್ಪು ಬಳಿಯಬೇಕು. ಉಳಿದ ಪದಗಳನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರೆ ಅದೇ ಕವಿತೆ. ಅಷ್ಟೇ. ಹೊಸದಾಗಿ ಒಂದು ಅಕ್ಷರವನ್ನೂ ಬರೆಯುವ ಹಾಗಿಲ್ಲ. ಖಾಲಿ ಹಾಳೆ ಮುಂದೆ ಕೂತು ಪೆನ್ನು ಕಚ್ಚುವ ನನ್ನಂಥವರಿಗೆ ಇದು ದೊಡ್ಡ ಸಮಾಧಾನ. ಪದಗಳೆಲ್ಲ ಆಗಲೇ ಅಲ್ಲಿವೆ, ನಾವು ಬೇಡದ್ದನ್ನು ತೆಗೆಯಬೇಕು, ಅಷ್ಟೇ ಕೆಲಸ. ಆದರೆ ಏನು ಬೇಡ ಅಂತ ತೀರ್ಮಾನಿಸುವುದು ಅಂದುಕೊಂಡಷ್ಟು ಸುಲಭ ಅಲ್ಲ ಅನ್ನೋದು ಮೊದಲ ಪುಟ ಮುಗಿಯೋ ಹೊತ್ತಿಗೇ ಗೊತ್ತಾಗುತ್ತದೆ.

ಇನ್ನು ಕಿಟ್‌ನೊಳಗೆ ಏನಿತ್ತು ಅಂದರೆ: ಹರಿದು ತೆಗೆಯಬಹುದಾದ ಇಂಗ್ಲಿಷ್ ಪುಟಗಳ ಒಂದು ಪ್ಯಾಡ್, ಎರಡು ಕಡೆ ಮೊನೆ ಇರುವ ಕಪ್ಪು ಮಾರ್ಕರ್, ಬಿಳಿ ಜೆಲ್ ಪೆನ್, ಒಂದು ಗಿಡ್ಡ ಪೆನ್ಸಿಲ್, ಚಂದ್ರ, ಹಕ್ಕಿ, ಹೂವಿನ ಒಂದಿಷ್ಟು ಸ್ಟಿಕರ್, ಮತ್ತೆ ಹೇಗೆ ಮಾಡಬೇಕು ಅಂತ ತೋರಿಸುವ ಒಂದು ಪುಟ್ಟ ಪುಸ್ತಕ. ನೋಡೋಕೆ ಚೆನ್ನಾಗಿದೆ. ಯಾರಿಗಾದರೂ ಉಡುಗೊರೆ ಕೊಟ್ಟರೆ ಡಬ್ಬಿ ತೆಗೆದ ಕ್ಷಣ ಖುಷಿಪಡುತ್ತಾರೆ. ತೊಂದರೆ ಶುರುವಾಗುವುದು ಮಾರ್ಕರ್ ಮುಚ್ಚಳ ತೆಗೆದ ಮೇಲೆ.

ಅದು ಪರ್ಮನೆಂಟ್ ಮಾರ್ಕರ್, ಸ್ಪಿರಿಟ್ ಹಾಕಿದ ಜಾತಿಯದು. ತೆಳು ಕಾಗದದ ಮೇಲೆ ಇಟ್ಟ ತಕ್ಷಣ ಇಂಕು ಎರಡು ಕಡೆಗೆ ಓಡುತ್ತದೆ. ಒಂದು ಹಿಂಬದಿಗೆ, ಇನ್ನೊಂದು ಪಕ್ಕಕ್ಕೆ. ಹಿಂಬದಿಗೆ ಹೋದರೆ ಹೋಗಲಿ, ಕೆಳಗೊಂದು ರದ್ದಿ ಹಾಳೆ ಇಟ್ಟುಕೊಂಡರೆ ಮೇಜು ಉಳಿಯುತ್ತದೆ. ಪಕ್ಕಕ್ಕೆ ಹರಡುವುದೇ ನಿಜವಾದ ತಲೆನೋವು. ಉಳಿಸಬೇಕು ಅಂತ ಜೋಪಾನ ಮಾಡಿದ ಪದದ ಸುತ್ತ ನೀವು ಎಷ್ಟೇ ಹುಷಾರಾಗಿ ಗೆರೆ ಎಳೆದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಗೆರೆ ದಪ್ಪ ಆಗಿ ಅಕ್ಷರದ ಅಂಚು ತಿಂದಿರುತ್ತದೆ. ವಾಸನೆ ಬೇರೆ. ಕಿಟಕಿ ತೆಗೆದುಕೊಂಡೇ ಕೂರಬೇಕು. ಪುಟದ ಮುಕ್ಕಾಲು ಪಾಲಿಗೆ ಕಪ್ಪು ಬಳಿಯುವ ಕೆಲಸಕ್ಕೆ ಒಂದೇ ಒಂದು ಮಾರ್ಕರ್ ಕೊಟ್ಟಿದ್ದಾರೆ ಅನ್ನೋದು ಇನ್ನೊಂದು ತಮಾಷೆ. ಕೆಲವು ಪುಟ ಆಗುವಷ್ಟರಲ್ಲಿ ಅಗಲ ಮೊನೆ ಒಣಗಿ ಕಂದು ಬಣ್ಣದ ಗೀರು ಬಿಡಲು ಶುರು ಮಾಡಿತು.

ಇದಕ್ಕೆ ಪರಿಹಾರ ಡಬ್ಬಿಯ ಹೊರಗಿದೆ. ನೀರಿನ ಆಧಾರದ ಪಿಗ್ಮೆಂಟ್ ಮಾರ್ಕರ್, ಅಂದರೆ ಅಕ್ರಿಲಿಕ್ ಪೇಂಟ್ ಮಾರ್ಕರ್ ಅಂತ ಸಿಗುತ್ತದಲ್ಲ, ಅದು ಕಾಗದದ ಮೇಲೆ ಕೂರುತ್ತದೆ, ಒಳಗೆ ಇಳಿಯುವುದು ಕಡಿಮೆ. ವಾಸನೆಯೂ ಇಲ್ಲ. ಇನ್ನೂ ಒಳ್ಳೆಯ ಉಪಾಯ ಅಂದರೆ ಪುಟವನ್ನೇ ಬದಲಿಸುವುದು. ದಿನಪತ್ರಿಕೆಯ ಕಾಗದ ಸುಮಾರು 45 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಇಷ್ಟು ಗ್ರಾಂ, ಕಡಿಮೆ ಇದ್ದಷ್ಟೂ ತೆಳು) ಇರುತ್ತದೆ, ಇಂಕನ್ನು ಹೀರುತ್ತಲೇ ಇರುತ್ತದೆ. ಮೇಲಾಗಿ ಅದರಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ಅಂಟಿನಂಥ ವಸ್ತು, ಹಾಗೇ ಉಳಿದಿರುವುದರಿಂದ ಬಿಸಿಲಿಗೆ ಇಟ್ಟರೆ ಬೇಗ ಹಳದಿ ತಿರುಗುತ್ತದೆ. ಗೋಡೆಗೆ ಹಾಕಬೇಕು ಅನ್ನೋ ಆಸೆ ಇದ್ದರೆ ನೇರವಾಗಿ ಪತ್ರಿಕೆ ಮೇಲೆ ಮಾಡಬೇಡಿ. ಬೇಕಾದ ಭಾಗವನ್ನು 100 ಅಥವಾ 120 ಜಿಎಸ್‌ಎಂ ಹಾಳೆಗೆ ಜೆರಾಕ್ಸ್ ಮಾಡಿಸಿ, ಸ್ವಲ್ಪ ದೊಡ್ಡದಾಗಿ. ಜೆರಾಕ್ಸ್‌ನ ಟೋನರ್, ಅಂದರೆ ಅದರ ಪುಡಿ ಇಂಕು, ನೀರಿನ ಮಾರ್ಕರ್‌ಗೆ ಕರಗುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಹಾಳೆಯಾದರೆ ಜೋಕೆ, ಒದ್ದೆ ಮೊನೆ ತಾಗಿದ ಕೂಡಲೇ ಅಕ್ಷರವೇ ಕಲಸಿಹೋಗಬಹುದು. ಜೆರಾಕ್ಸ್‌ನಿಂದ ಇನ್ನೊಂದು ಲಾಭ: ಪುಸ್ತಕ ಹರಿಯಬೇಕಾಗಿಲ್ಲ. ನನಗಂತೂ ಪುಸ್ತಕದ ಪುಟ ಹರಿಯಲು ಕೈ ಬರುವುದಿಲ್ಲ.

ಸರಿ, ಮಾರ್ಕರ್ ಬದಲಾಯಿಸಬಹುದು. ಕಿಟ್‌ನ ಮೇಲೆ ನನಗಿರುವ ನಿಜವಾದ ಸಿಟ್ಟು ಅದರ ಪುಟಗಳ ಬಗ್ಗೆ.

ಪ್ಯಾಡಿನ ಯಾವ ಪುಟ ತೆಗೆದರೂ ಕಡಲು, ಬೆಳದಿಂಗಳು, ಮೌನ, ಹೃದಯ, ಹಳೆಯ ಪತ್ರ. ಎಲ್ಲವೂ ಮೊದಲೇ ಕವಿತೆಯಂತಿರುವ ಗದ್ಯ. ಪಾಪ, ಅವರು ಒಳ್ಳೆಯದಾಗಲಿ ಅಂತಲೇ ಮಾಡಿರಬೇಕು, ಸುಂದರ ಪದ ಕೊಟ್ಟರೆ ಸುಂದರ ಕವಿತೆ ಬರುತ್ತದೆ ಅಂತ. ಆಗುವುದು ಉಲ್ಟಾ. ಬೆಳದಿಂಗಳು ಅನ್ನೋ ಪದ ಕಂಡ ತಕ್ಷಣ ಕೈ ಅದಕ್ಕೇ ಹೋಗುತ್ತದೆ, ಆಮೇಲೆ ಮೌನ, ಆಮೇಲೆ ಒಂಟಿ, ಮುಗಿಯಿತು. ಯಾರು ಮಾಡಿದರೂ ಅದೇ ಕವಿತೆ. ಮೂಲ ಪುಟ ಏನು ಹೇಳುತ್ತಿತ್ತೋ ಅದನ್ನೇ ಸ್ವಲ್ಪ ಚಿಕ್ಕದಾಗಿ ಹೇಳಿದಂತಾಗುತ್ತದೆ. ಅದು ಸಾರಾಂಶ, ಕವಿತೆ ಅಲ್ಲ.

ಈ ಕಲೆಯಲ್ಲಿ ಹೆಸರು ಮಾಡಿದವರು ಎಂಥ ಪುಟ ಆರಿಸಿಕೊಂಡರು ನೋಡಿ. ಇಂಗ್ಲೆಂಡಿನ ಚಿತ್ರಕಾರ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ಸ್ ಕೊಟ್ಟು ಒಂದು ಹಳೆಯ ಪುಸ್ತಕ ಕೊಂಡರು. 1892ರ ಒಂದು ಕಾದಂಬರಿ ಅದು, ಆ ಹೊತ್ತಿಗಾಗಲೇ ಯಾರೂ ಓದದೆ ಮೂಲೆಗೆ ಬಿದ್ದಿತ್ತು. ಅದರ ಒಂದೊಂದು ಪುಟದ ಮೇಲೂ ಬಣ್ಣ ಬಳಿದು, ಗೀಚಿ, ಅಂಟಿಸಿ, ಅಲ್ಲಲ್ಲಿ ಕೆಲವು ಪದ ಮಾತ್ರ ಕಾಣುವ ಹಾಗೆ ಮಾಡಿ ಬೇರೆಯೇ ಪುಸ್ತಕ ತೆಗೆದರು. ಮಾಡಿದ ಪುಟಗಳನ್ನೇ ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾ ಹೋಗಿ ಕೊನೆಯ ಆವೃತ್ತಿ ಬಂದಿದ್ದು 2016ರಲ್ಲಿ. ಐವತ್ತು ವರ್ಷ, ಒಂದೇ ಸಾಧಾರಣ ಕಾದಂಬರಿ! ಇನ್ನು ಮಾರ್ಕರ್ ಹಿಡಿದು ಕಪ್ಪು ಬಳಿಯುವ ಈ ರೂಪವನ್ನು ಎಲ್ಲರಿಗೂ ಪರಿಚಯ ಮಾಡಿಸಿದ ಅಮೆರಿಕದ ಆಸ್ಟಿನ್ ಕ್ಲಿಯಾನ್ 2005ರ ಸುಮಾರಿಗೆ ಬರೆಯಲು ಏನೂ ತೋಚದೆ ಕೂತಿದ್ದಾಗ ಕೈಗೆ ತೆಗೆದುಕೊಂಡಿದ್ದು ಮಾಮೂಲಿ ದಿನಪತ್ರಿಕೆ. ದೊಡ್ಡ ಕಾವ್ಯವನ್ನೇ ಅಳಿಸಲು ಹೋದವರೂ ಇದ್ದಾರೆ. ರೊನಾಲ್ಡ್ ಜಾನ್ಸನ್ ಅನ್ನೋ ಅಮೆರಿಕದ ಕವಿ ಹಳೆಯ ಇಂಗ್ಲಿಷ್ ಕವಿ ಮಿಲ್ಟನ್‌ನ "ಪ್ಯಾರಡೈಸ್ ಲಾಸ್ಟ್" ಮಹಾಕಾವ್ಯದ ಮೊದಲ ನಾಲ್ಕು ಭಾಗಗಳಿಗೇ ಕೈ ಹಾಕಿ 1977ರಲ್ಲಿ ಪುಸ್ತಕ ಮಾಡಿದರು. ಆದರೆ ಅದು ಪಳಗಿದ ಕೈ. ನಮ್ಮ ನಿಮ್ಮಂಥವರಿಗೆ ಸಪ್ಪೆ ಗದ್ಯವೇ ಲೇಸು.

ಸಪ್ಪೆ ಅಂದರೆ ಎಷ್ಟು ಸಪ್ಪೆ? ಕಿಟ್‌ನ ಪ್ಯಾಡ್ ಪಕ್ಕಕ್ಕಿಟ್ಟು ನಾನು ತೆಗೆದುಕೊಂಡಿದ್ದು ಬಟ್ಟೆ ಒಗೆಯುವ ಯಂತ್ರದ ಜೊತೆ ಬಂದ ಕೈಪಿಡಿ. ಅದರ ಒಂದು ಪ್ಯಾರಾ ಹೀಗಿತ್ತು:

"ಯಂತ್ರವನ್ನು ಗೋಡೆಯಿಂದ ಸ್ವಲ್ಪ ದೂರದಲ್ಲಿ ಇರಿಸಿ. ಬಾಗಿಲು ಪೂರ್ತಿ ಮುಚ್ಚಿದ ನಂತರವೇ ನೀರು ಒಳಗೆ ಬರುತ್ತದೆ. ಮಧ್ಯದಲ್ಲಿ ಬಾಗಿಲನ್ನು ಬಲವಂತವಾಗಿ ತೆರೆಯಬೇಡಿ. ಕೆಂಪು ದೀಪ ಆರುವವರೆಗೆ ಕಾಯಿರಿ. ಶಬ್ದ ಜಾಸ್ತಿ ಬಂದರೆ ಒಳಗಿನ ಭಾರ ಒಂದೇ ಕಡೆ ಸೇರಿದೆ ಎಂದರ್ಥ. ಆಗ ಯಂತ್ರವನ್ನು ನಿಲ್ಲಿಸಿ, ಬಟ್ಟೆಗಳನ್ನು ಬಿಡಿಸಿ ಮತ್ತೆ ಹರಡಿ."

ಇದರಲ್ಲಿ ಕವಿತೆ ಎಲ್ಲಿಂದ ಬರಬೇಕು ಅನ್ನಿಸುತ್ತದೆ ಅಲ್ವಾ? ನನ್ನ ಕಣ್ಣು ಮೊದಲು ನಿಂತಿದ್ದು "ಒಳಗಿನ ಭಾರ" ಅನ್ನೋ ಎರಡು ಪದದ ಮೇಲೆ. ಅದಕ್ಕೆ ಪೆನ್ಸಿಲ್‌ನಲ್ಲಿ ಚೌಕ ಹಾಕಿದೆ. ಅದು ಸಿಕ್ಕ ಮೇಲೆ ಮೇಲಿನ ಬಾಗಿಲು, ನೀರು, ದೀಪ ಎಲ್ಲದಕ್ಕೂ ಬೇರೆಯೇ ಅರ್ಥ ಬಂದುಬಿಟ್ಟಿತು. ಕೊನೆಗೆ ಉಳಿದಿದ್ದು ಇಷ್ಟು:

ಬಾಗಿಲು ಮುಚ್ಚಿದ ನಂತರವೇ
ನೀರು ಬರುತ್ತದೆ
ಬಲವಂತವಾಗಿ ತೆರೆಯಬೇಡಿ
ದೀಪ ಆರುವವರೆಗೆ ಕಾಯಿರಿ
ಒಳಗಿನ ಭಾರ
ಒಂದೇ ಕಡೆ ಸೇರಿದೆ

ಕೈಪಿಡಿ ಬರೆದವರು ಯಾರೋ, ಅವರಿಗೆ ಅಳುವವರ ಬಗ್ಗೆ ಬರೆಯುವ ಯೋಚನೆ ಖಂಡಿತ ಇರಲಿಲ್ಲ. ಈ ಸಾಲುಗಳನ್ನು ನಾನು ಖಾಲಿ ಹಾಳೆ ಇಟ್ಟುಕೊಂಡು ಬರೆಯಲು ಹೊರಟಿದ್ದರೆ "ಕಣ್ಣೀರು" ಅಂತ ಹಾಕದೆ ಬಿಡುತ್ತಿರಲಿಲ್ಲ. ಪುಟದಲ್ಲಿ ಕಣ್ಣೀರು ಇರಲಿಲ್ಲ, ನೀರಷ್ಟೇ ಇತ್ತು, ಹಾಗಾಗಿ ಬಚಾವ್. "ಕೆಂಪು" ದೀಪ ಉಳಿಸಲೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ. ಕೆಂಪು ಉಳಿಸಿದರೆ ಮತ್ತೆ ಯಂತ್ರ ನೆನಪಾಗುತ್ತದೆ, ತೆಗೆದರೆ ಅದು ಯಾವುದೋ ಮನೆಯ ದೀಪ. ತೆಗೆದೆ. ಕೊನೆಯ "ಮತ್ತೆ ಹರಡಿ" ಕೂಡ ಆಸೆ ಹುಟ್ಟಿಸಿತ್ತು. ಆದರೆ ಅದನ್ನು ಸೇರಿಸಿದರೆ ಸಲಹೆ ಕೊಟ್ಟಂತೆ ಆಗುತ್ತದೆ, "ಸೇರಿದೆ"ಯಲ್ಲಿ ನಿಲ್ಲಿಸಿದರೆ ಭಾರ ಹಾಗೇ ಉಳಿಯುತ್ತದೆ.

ಇಂಥ ಪುಟ ಎಲ್ಲ ಕಡೆ ಇವೆ. ಔಷಧಿ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಷರತ್ತುಗಳು, ಟೆಂಡರ್ ಪ್ರಕಟಣೆ, ಹಳೆಯ ಪ್ರಶ್ನೆಪತ್ರಿಕೆ, ಹವಾಮಾನ ವರದಿ. ಆಜ್ಞೆ ಮಾಡುವ, ಎಚ್ಚರಿಕೆ ಕೊಡುವ ಬರಹ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ "ಮುಟ್ಟಬೇಡಿ", "ದೂರವಿಡಿ", "ಕಾಯಿರಿ" ಅನ್ನೋ ಮಾತುಗಳನ್ನು ಸುತ್ತಲಿನ ಸಂದರ್ಭದಿಂದ ಬಿಡಿಸಿದ ತಕ್ಷಣ ಯಾರೋ ಯಾರಿಗೋ ಹೇಳಿದ ಹಾಗೆ ಕೇಳಿಸುತ್ತದೆ. ಔಷಧಿ ಚೀಟಿಯ ಕಾಗದ ಮಾತ್ರ ತುಂಬಾ ತೆಳು, ಅದನ್ನು ಜೆರಾಕ್ಸ್ ಮಾಡಿಕೊಳ್ಳದೆ ವಿಧಿಯಿಲ್ಲ.

ಈಗ ಕನ್ನಡದ ವಿಷಯಕ್ಕೆ ಬರೋಣ. ಕಿಟ್‌ನ ಪುಸ್ತಕದಲ್ಲಿ ಇರುವುದೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೇಳಿದ್ದು. ಅದನ್ನು ಕನ್ನಡ ಪುಟದ ಮೇಲೆ ಹಾಗೇ ಮಾಡಲು ಹೋದರೆ ಕೆಲಸ ಕೆಡುತ್ತದೆ, ಆದರೆ ಕನ್ನಡದಲ್ಲಿ ಮಾತ್ರ ಆಗುವ ಮಜಾ ಕೂಡ ಇದೆ.

ಮೊದಲ ಸಮಸ್ಯೆ ಒತ್ತಕ್ಷರ. ಇಂಗ್ಲಿಷ್ ಸಾಲುಗಳ ನಡುವೆ ಅಗಲ ಮೊನೆಯನ್ನು ಒಂದೇ ಸಲ ಎಳೆದುಬಿಡಬಹುದು. ನಮ್ಮಲ್ಲಿ ಒತ್ತು ಸಾಲಿನ ಕೆಳಗೆ ಜೋತಾಡುತ್ತಿರುತ್ತದೆ, ಕೆಳಗಿನ ಸಾಲಿನ ಗುಡಿಸು, ಎತ್ವ ಮೇಲಕ್ಕೆ ಚಾಚಿಕೊಂಡಿರುತ್ತವೆ. ಮೇಲಿನ ಸಾಲಿನ ಪದ ಬೇಕು, ಕೆಳಗಿನದು ಬೇಡ ಅಂತ ಕೆಳಗಿನ ಸಾಲಿನ ಮೇಲೆ ಮಾರ್ಕರ್ ಎಳೆದರೆ ಮೇಲಿನ ಪದದ ಒತ್ತೇ ಹೋಗುತ್ತದೆ. "ಕಪ್ಪು" ಅನ್ನೋದು "ಕಪು" ಆಗಿ ಕೂರುತ್ತದೆ. ಹಾಗಾಗಿ ಉಳಿಸಬೇಕಾದ ಪದಕ್ಕೆ ಮೊದಲು ಸಣ್ಣ ಮೊನೆಯಲ್ಲಿ, ಒತ್ತೂ ಒಳಗೆ ಬರುವ ಹಾಗೆ, ಸುತ್ತಲೂ ಬೇಲಿ ಹಾಕಿಕೊಳ್ಳಬೇಕು. ಸಾಲುಗಳ ನಡುವೆ ಜಾಗ ಜಾಸ್ತಿ ಇರುವ ಪುಟ ಆರಿಸಿಕೊಂಡರೆ ಅರ್ಧ ಕಷ್ಟ ಅಲ್ಲೇ ಕಡಿಮೆ.

ಆದರೆ ಇದೇ ಒತ್ತನ್ನು ಬೇಕಂತಲೇ ತಿಂದರೆ? ಕತ್ತೆಯ ಒತ್ತು ಅಳಿಸಿದರೆ ಕತೆ. ಎಲ್ಲೆಯ ಒತ್ತು ಅಳಿಸಿದರೆ ಎಲೆ. ಹಳ್ಳಿ ಹಳಿಯಾಗುತ್ತದೆ, ಬಳ್ಳಿ ಬಳಿಗೆ ಬರುತ್ತದೆ. ಸುಮ್ನೆ ಒಂದು ಚುಕ್ಕೆ ಕಪ್ಪು ಇಟ್ಟರೆ ಸಾಕು, ಪುಟದಲ್ಲಿ ಇಲ್ಲದ ಪದ ಎದ್ದು ಬರುತ್ತದೆ. ಇದು ಗೊತ್ತಾದ ಮೇಲೆ ನಾನು ಸ್ವಲ್ಪ ಹೊತ್ತು ಕವಿತೆ ಬಿಟ್ಟು ಬರೀ ಒತ್ತು ಬೇಟೆಯಾಡಿಕೊಂಡು ಕೂತಿದ್ದೆ.

ಎರಡನೆಯದು ವಿಭಕ್ತಿ. ನಮ್ಮಲ್ಲಿ ಪದ ಒಂಟಿಯಾಗಿ ನಿಲ್ಲುವುದೇ ಕಡಿಮೆ, ಹಿಂದೆ ಒಂದು ಬಾಲ ಇದ್ದೇ ಇರುತ್ತದೆ. ಬಾಲ ಕತ್ತರಿಸಬಹುದಾ? ಅಕಾರ, ಎಕಾರದಲ್ಲಿ ಮುಗಿಯುವ ಪದವಾದರೆ ಆರಾಮಾಗಿ. "ಮರದಲ್ಲಿ" ಇದ್ದರೆ "ದಲ್ಲಿ"ಗೆ ಕಪ್ಪು ಬಳಿದರೆ ಮರ ಉಳಿಯುತ್ತದೆ. "ಮಳೆಯಿಂದ" ಇದ್ದರೆ ಮಳೆ. ಉಕಾರದ ಪದಗಳು ಮಾತ್ರ ಕೈಕೊಡುತ್ತವೆ. "ಬೆಳಕಿನಲ್ಲಿ" ಕತ್ತರಿಸಿದರೆ "ಬೆಳಕಿ" ಅನ್ನೋ ಅರೆಬರೆ ಪದ ಸಿಗುತ್ತದೆ. "ಕಾಡಿನಲ್ಲಿ" ಕತ್ತರಿಸಿದರೆ ಕಾಡು ಸಿಗುವುದಿಲ್ಲ, "ಕಾಡಿ" ಸಿಗುತ್ತದೆ. ನನಗೆ ಕಾಡು ಬೇಕಿತ್ತು, ಸಿಕ್ಕಿದ್ದು ಕಾಡಿ, ಬೇರೆಯೇ ಕ್ರಿಯಾಪದ, ಮತ್ತೆ ಅದೇ ಆ ಪುಟದ ಒಳ್ಳೆಯ ಪದ ಆಯಿತು. "ನೀರನ್ನು", "ಊರನ್ನು" ಇದ್ದರೆ "ನೀರ", "ಊರ" ಅಂತ ಹಳೆಯ ಹಾಡುಗಳ ಧಾಟಿಯಲ್ಲಿ ಉಳಿಸಿಕೊಳ್ಳಬಹುದು. ಸಂಧಿಯಾದ ಪದಗಳ ಮುಂದೆ ಮಾತ್ರ ಕೈ ಕಟ್ಟಿ ಕೂರಬೇಕು. ಮೇಲಿನ ಕೈಪಿಡಿಯಲ್ಲೇ "ಎಂದರ್ಥ" ಇತ್ತು. ನನಗೆ "ಅರ್ಥ" ಬೇಕಿತ್ತು. ಅಲ್ಲಿ ಅಕಾರವೇ ಇಲ್ಲ, ಎಲ್ಲಿಂದ ತರೋದು?

ಕ್ರಿಯಾಪದದ ಕತೆ ಇನ್ನೊಂದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬರುವಾಗ ಲಿಂಗ, ವಚನ ಎಲ್ಲ ಹೊತ್ತುಕೊಂಡು ಬರುತ್ತದೆ. ಮೇಲೆ "ಅವಳು" ಅಂತ ಉಳಿಸಿಕೊಂಡು ಕೆಳಗೆ ಹುಡುಕಿದರೆ ಇರುವುದೆಲ್ಲ "ಬಂದರು", "ನೀಡಲಾಗಿದೆ", "ತಕ್ಕದ್ದು". ಜೋಡಿ ಕೂರುವುದೇ ಇಲ್ಲ. ನಾನು ಕಂಡುಕೊಂಡ ದಾರಿ ಅಂದರೆ ಮುಗಿಯದ ಕ್ರಿಯೆಗಳನ್ನು ನಂಬುವುದು. ಬಂದು, ನೋಡಿ, ಹೋಗುವ, ಬಿದ್ದ, ಇವಕ್ಕೆ ಯಾರಾದರೂ ಆಗುತ್ತದೆ, ಜಗಳ ಇಲ್ಲ. ಸಾಲು ಪೂರ್ತಿ ಆಗದಿದ್ದರೂ ಕವಿತೆಗೆ ಅದೇ ಚೆನ್ನ. ಇನ್ನು ದಿನಪತ್ರಿಕೆಯಲ್ಲಿ ಭಾಷಣದ ವರದಿ ಸಿಕ್ಕರೆ ಒಂದು ಕೆಲಸ ಮಾಡಿ ನೋಡಿ: ಬೇರೆಲ್ಲದಕ್ಕೂ ಕಪ್ಪು ಬಳಿದು ಹೇಳಿದರು, ತಿಳಿಸಿದರು, ಎಂದರು, ಕರೆ ನೀಡಿದರು, ಇಷ್ಟನ್ನೇ ಉಳಿಸಿ. ಮೇಲಿನಿಂದ ಕೆಳಗೆ ಓದಿ. ಅದಕ್ಕಿಂತ ಒಳ್ಳೆಯ ವಿಮರ್ಶೆ ಆ ಭಾಷಣಕ್ಕೆ ಇನ್ನೊಂದಿಲ್ಲ.

ಪತ್ರಿಕೆಯ ಕಾಲಂ ಕಿರಿದಾಗಿರುವುದರಿಂದ ಉದ್ದ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಅರ್ಧ ಕೆಳಗೆ ಬಿದ್ದಿರುತ್ತವೆ. ಅದೂ ಒಂದು ಲಾಭವೇ, ಮುರಿದ ತುಂಡು ಕೆಲವೊಮ್ಮೆ ತಾನೇ ಒಂದು ಪದ. ಪಕ್ಕದ ಕಾಲಂಗೆ ಹಾರುವುದೂ ಹೊಸದೇನಲ್ಲ. ಕೇಲೆಬ್ ವೈಟ್‌ಫರ್ಡ್ ಅನ್ನೋರು 1760ರ ದಶಕದಲ್ಲೇ ಲಂಡನ್ನಿನ ಪತ್ರಿಕೆಗಳನ್ನು ಕಾಲಂ ದಾಟಿ ಅಡ್ಡಡ್ಡ ಓದಿ, ಸಿಕ್ಕ ವಿಚಿತ್ರ ವಾಕ್ಯಗಳನ್ನು ಅಚ್ಚು ಹಾಕಿಸಿ ಜನರನ್ನು ನಗಿಸುತ್ತಿದ್ದರು. ಆಗ ಮಾರ್ಕರ್ ಎಲ್ಲಿತ್ತು?

ಮಾಡುವ ಕ್ರಮದ ಬಗ್ಗೆ ಕಿಟ್‌ನ ಪುಸ್ತಕ ಹೇಳುವುದರಲ್ಲಿ ಒಂದು ಮಾತು ಸರಿ, ಒಂದು ಪೂರ್ತಿ ತಪ್ಪು. ಸರಿಯಾದದ್ದು: ಮೊದಲು ಪೆನ್ಸಿಲ್, ಆಮೇಲೆ ಮಾರ್ಕರ್. ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಕಪ್ಪು ಬಳಿಯುವ ಆತುರ, ಆದರೆ ಒಮ್ಮೆ ಬಳಿದರೆ ವಾಪಸ್ ಇಲ್ಲ. ತಪ್ಪಾದದ್ದು: "ಪುಟವನ್ನು ಗಮನವಿಟ್ಟು ಓದಿ, ಅದರ ಭಾವವನ್ನು ಹಿಡಿಯಿರಿ" ಅನ್ನೋದು. ದಯವಿಟ್ಟು ಹಾಗೆ ಮಾಡಬೇಡಿ. ಓದಿದರೆ ಲೇಖಕರು ಹೇಳಿದ್ದೇ ತಲೆಯಲ್ಲಿ ಕೂರುತ್ತದೆ. ಓದಬೇಡಿ, ನೋಡಿ. ಪುಟವನ್ನು ಸ್ವಲ್ಪ ದೂರ ಹಿಡಿದು ಕಣ್ಣು ಎಲ್ಲಿ ನಿಲ್ಲುತ್ತದೆ ನೋಡಿ. ಒಂದು ಗಟ್ಟಿ ಪದ ಸಿಕ್ಕರೆ ಸಾಕು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅದಕ್ಕೆ ಹೊಂದುವುದನ್ನು ಹುಡುಕಬೇಕು. ಇನ್ನೂರು ಪದದ ಪುಟದಲ್ಲಿ ಹದಿನೈದು, ಇಪ್ಪತ್ತು ಪದ ಉಳಿದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಬಿಗಿ ತಪ್ಪುತ್ತದೆ. ಸತತವಾಗಿ ನಾಲ್ಕೈದು ಪದ ಹಾಗೇ ಎತ್ತಿಕೊಳ್ಳುವ ಆಸೆ ಬಂದರೆ ತಡೆದುಕೊಳ್ಳಿ, ಆಗ ಅದು ನಿಮ್ಮ ಸಾಲಲ್ಲ, ಮೂಲದವರದ್ದು. (ನನ್ನ ಕವಿತೆಯ ಕೊನೆಯ ಎರಡು ಸಾಲೂ ಹಾಗೇ ಎತ್ತಿಕೊಂಡದ್ದು, ಒಪ್ಪಿಕೊಳ್ಳುತ್ತೇನೆ.)

ಪದಗಳ ಕ್ರಮ ಹಿಂದುಮುಂದಾಗಬೇಕಾದರೆ, ಅಂದರೆ ಕೆಳಗಿನ ಪದ ಓದಿ ಮೇಲಕ್ಕೆ ಬರಬೇಕಾದರೆ, ಒಂದು ಪದದಿಂದ ಇನ್ನೊಂದಕ್ಕೆ ಬಿಳಿ ದಾರಿ ಬಿಡಬೇಕು. ಕಾಲುವೆಯ ಹಾಗೆ. ಕಿಟ್‌ನ ಬಿಳಿ ಜೆಲ್ ಪೆನ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬಂತು, ಕಪ್ಪಿನ ಮೇಲೆ ಗೆರೆ ಎಳೆದು ದಾರಿ ತೋರಿಸಬಹುದು. ಆದರೆ ಕೆಳಗಿನ ಕಪ್ಪು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಪೆನ್ನಿನ ಮೊನೆ ಕಟ್ಟಿಕೊಳ್ಳುತ್ತದೆ. ಬಲಗೈಯವರು ಎಡಗಡೆಯಿಂದ, ಎಡಗೈಯವರು ಬಲಗಡೆಯಿಂದ ಬಳಿಯುತ್ತಾ ಹೋದರೆ ಅಂಗೈಗೆ ಹತ್ತಿ ಪುಟವೆಲ್ಲ ಬಳಿದುಕೊಳ್ಳುವುದು ತಪ್ಪುತ್ತದೆ.

ಪೂರ್ತಿ ಕಪ್ಪು ಮಾಡಲೇಬೇಕು ಅಂತೇನೂ ಇಲ್ಲ. ನಿಜ ಹೇಳಬೇಕಂದರೆ ಬಳಿಯುವುದು ಸ್ವಲ್ಪ ಬೇಜಾರಿನ ಕೆಲಸ, ಕೈ ನೋಯುತ್ತದೆ. ಕೆಲವರಿಗೆ ಅದೇ ಇಷ್ಟ, ತಲೆ ಖಾಲಿಯಾಗುತ್ತದೆ ಅಂತಾರೆ. ನನಗೆ ಸುದ್ದಿ ಪುಟದ ಮೇಲೆ ಬರೀ ಹತ್ತಿರ ಹತ್ತಿರ ಗೆರೆ ಎಳೆದು, ಅಡಿಯ ಅಕ್ಷರ ಅರೆಬರೆ ಕಾಣುವ ಹಾಗೆ ಬಿಡುವುದು ಹೆಚ್ಚು ಹಿಡಿಸಿತು. ಏನನ್ನು ಅಳಿಸಿದ್ದೇವೆ ಅನ್ನೋದೂ ಕಾಣುತ್ತಿರುತ್ತದೆ. ಕಿಟ್‌ನ ಸ್ಟಿಕರ್ ಮಾತ್ರ ಯಾವ ಪುಟಕ್ಕೂ ಹೊಂದಲಿಲ್ಲ. ಕಷ್ಟಪಟ್ಟು ಒಂದು ಸಾಲು ಹುಡುಕಿ ಅದರ ಪಕ್ಕ ಮಿಂಚುವ ಚಂದ್ರ ಅಂಟಿಸುವುದು ಯಾಕೆ?

ಫೋನಿನಲ್ಲೂ ಮಾಡಬಹುದು, ಪುಟದ ಫೋಟೋ ತೆಗೆದು ಅದರ ಮೇಲೆ ಬೆರಳಲ್ಲಿ ಬಳಿದರೆ ಆಯಿತು. ನನಗೆ ಸೇರಲಿಲ್ಲ. ಬೇಡ ಅಂದರೆ ಹಿಂದಕ್ಕೆ ಹೋಗುವ ಬಟನ್ ಇರುತ್ತದೆ, ಹಾಗಾಗಿ ಯಾವ ಪದದ ಮೇಲೂ ಗಟ್ಟಿ ಮನಸ್ಸು ಮಾಡುವುದಿಲ್ಲ. ಪೆನ್ಸಿಲ್ ಹಂತಕ್ಕೆ ಮಾತ್ರ ಫೋನು ಅನುಕೂಲ.

ಒಬ್ಬರೇ ಮಾಡುವುದಕ್ಕಿಂತ ಜೊತೆಯಲ್ಲಿ ಮಾಡುವುದು ಎರಡು ಪಟ್ಟು ಚೆನ್ನಾಗಿದೆ, ಒಂದೇ ಷರತ್ತು: ಎಲ್ಲರಿಗೂ ಅದೇ ಪುಟ ಕೊಡಬೇಕು. ಕಿಟ್‌ನಲ್ಲಿ ಒಂದೊಂದು ಪುಟ ಒಂದೊಂದೇ ಇರುವುದರಿಂದ ಇದು ಸಾಧ್ಯವೇ ಇಲ್ಲ. ನಾನು ಅದೇ ಕೈಪಿಡಿಯ ಪ್ಯಾರಾವನ್ನು ಜೆರಾಕ್ಸ್ ಮಾಡಿ, ನನ್ನದನ್ನು ತೋರಿಸದೆ, ತಂಗಿಗೆ ಕೊಟ್ಟೆ. ಅವಳು ಮಾಡಿದ್ದು:

ಗೋಡೆ ದೂರದಲ್ಲಿ ಇರಿಸಿ
ಬಾಗಿಲನ್ನು ತೆರೆ
ಶಬ್ದ ಬಂದರೆ
ಒಂದೇ ಕಡೆ ಸೇರಿ
ಮತ್ತೆ ಹರಡಿ

"ತೆರೆಯಬೇಡಿ"ಯ ಬಾಲ ಕತ್ತರಿಸಿ "ತೆರೆ" ಮಾಡಿಬಿಟ್ಟಿದ್ದಾಳೆ, "ಸೇರಿದೆ"ಯಿಂದ ಒಂದು ಅಕ್ಷರ ಹೊಡೆದು "ಸೇರಿ" ಮಾಡಿದ್ದಾಳೆ. ಬೇಡ ಅನ್ನೋ ವಾಕ್ಯ ಮಾಡು ಅಂತ ಹೇಳುತ್ತಿದೆ. ನಾನು ಬಾಗಿಲು ಹಾಕಿಕೊಂಡು ಅಳಿಸಿದ ಪುಟದಲ್ಲಿ ಅವಳು ಗುಂಪು ಕಟ್ಟಿದ್ದಾಳೆ. "ಅಕ್ಕಾ, ನೀನು ಎಷ್ಟು ಗೋಳು ಅಂತ ಇದರಲ್ಲೇ ಗೊತ್ತಾಗುತ್ತೆ ನೋಡು" ಅಂದಳು. ಒಪ್ಪಿಕೊಳ್ಳಬೇಕಾಯಿತು.

ಮಕ್ಕಳಿಗೆ ಕೊಡುವವರಿಗೆ: ದೊಡ್ಡ ಅಕ್ಷರದ ಪುಟ, ನೀರಿನ ಮಾರ್ಕರ್, ಪುಟದ ತುಂಬಾ ಚಿತ್ರ ಬರೆಯಲು ಅವಕಾಶ. ಉಳಿದ ಪದಗಳ ಸುತ್ತ ಮೀನೋ ಮೋಡವೋ ಬರೆದರೆ ಕಪ್ಪು ಬಳಿಯುವ ಬೇಜಾರೂ ಇಲ್ಲ. ನನಗೆ ಬರೆಯೋಕೆ ಬರಲ್ಲ ಅಂತ ಹಟ ಹಿಡಿಯುವ ಮಕ್ಕಳೂ ಇದಕ್ಕೆ ಕೂರುತ್ತಾರೆ, ಅದು ನಿಜ. ಬರೀ ಇಷ್ಟದ ಪದ ಎತ್ತಿ ಇಡುವ ಮಕ್ಕಳಿಗೆ ಕವಿತೆ ಅಂದರೆ ಪದಗಳ ರಾಶಿ ಅಲ್ಲ ಅಂತ ಹೇಳಿಕೊಡಲು ಪಕ್ಕದಲ್ಲಿ ಯಾರಾದರೂ ಇರಬೇಕು, ಡಬ್ಬಿ ಅದನ್ನು ಮಾಡುವುದಿಲ್ಲ.

ಮಾಡಿದ್ದನ್ನು ನಾಲ್ಕು ಜನರಿಗೆ ತೋರಿಸುವ ಮುಂಚೆ, ಇನ್ನೂ ಹಕ್ಕುಸ್ವಾಮ್ಯ ಇರುವ ಕವಿ, ಕತೆಗಾರರ ಪುಟವಾಗಿದ್ದರೆ ಸ್ವಲ್ಪ ಯೋಚಿಸಿ, ಕನಿಷ್ಠ ಮೂಲ ಯಾವುದು ಅಂತಾದರೂ ಹಾಕಿ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಈ ಚಿಂತೆ ಬೇಡ.

ಹಾಗಾದರೆ ಕಿಟ್ ಯಾರು ತೆಗೆದುಕೊಳ್ಳಬೇಕು? ಇಂಗ್ಲಿಷ್‌ನಲ್ಲಿ ಮಾತ್ರ ಮಾಡುವವರು, ಪುಟ ಹುಡುಕಲು ಪುರುಸೊತ್ತಿಲ್ಲದವರು, ಉಡುಗೊರೆಗೆ ಏನಾದರೂ ಚಂದದ ಡಬ್ಬಿ ಬೇಕಾದವರು. ಉಳಿದವರು ಒಂದು ಸಣ್ಣ ಮೊನೆ, ಒಂದು ಅಗಲ ಮೊನೆಯ ನೀರಿನ ಕಪ್ಪು ಮಾರ್ಕರ್, ಒಂದು 2ಬಿ ಪೆನ್ಸಿಲ್, ಒಂದು ಬಿಳಿ ಜೆಲ್ ಪೆನ್ ಬಿಡಿಬಿಡಿಯಾಗಿ ತಗೊಳ್ಳಿ. ಪುಟಕ್ಕೆ ದುಡ್ಡು ಕೊಡಬೇಡಿ, ಡ್ರಾಯರ್ ತೆಗೆದರೆ ಯಾವುದಾದರೂ ಒಂದು ಕೈಪಿಡಿ ಸಿಗುತ್ತದೆ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ "ಸುರಕ್ಷತಾ ಸೂಚನೆಗಳು" ಅಂತ ಒಂದು ಪುಟ ಇರುತ್ತದೆ, ಶುರು ಮಾಡಲು ಅದೇ ಒಳ್ಳೆಯದು.